ಎಪ್ಪತ್ತೊಂದು ಗುಲಗಂಜಿ

ನಮ್ಮೂರಲ್ಲಿ ಹೆಸರು ಸುಮ್ಮನೆ ಸಿಗಲ್ಲ. ಆಡಿ ಗೆಲ್ಲಬೇಕು.

ಊರಲ್ಲಿ ಮೂರು ಕೇರಿ. ಮೇಲ್ಗೇರಿ, ನಡುಗೇರಿ, ಕೆಳಗೇರಿ. ವರ್ಷಕ್ಕೊಂದು ದಿನ ಮೂರು ಕೇರಿಯಿಂದ ಮೂರು ಜನ ಕಟ್ಟೆ ಹತ್ತಿ, ಮೂರು ಮಣೆ ಮೇಲೆ ಕೂತು, ಇಸ್ಪೀಟ್ ಎಲೆ ಆಡ್ತಾರೆ. ಮೂವತ್ತು ಸುತ್ತು. ಮೂವತ್ತನೇ ಸುತ್ತು ಮುಗಿದಾಗ ಯಾರ ಮುಂದೆ ಗುಲಗಂಜಿ ರಾಶಿ ದೊಡ್ಡದೋ ಆ ಕೇರಿಯಲ್ಲಿ ಆ ವರ್ಷ ಹುಟ್ಟಿದ ಮಕ್ಕಳಿಗೆ ಹೆಸರು. ಕಟ್ಟೆ ಹಿಂದಿನ ಬಂಡೆ ಮೇಲೆ ಕಲ್ಲುಕುಟಿಗ ಆ ಹೆಸರು ಕೆತ್ತುತ್ತಾನೆ. ಉಳಿದ ಎರಡು ಕೇರಿಯ ಮಕ್ಕಳು ಹೆಸರಿಲ್ಲದೆ ಬೆಳೀತಾರೆ, ಹೆಸರಿಲ್ಲದೆ ಮದುವೆ ಆಗ್ತಾರೆ, ಹೆಸರಿಲ್ಲದೆ ಸಾಯ್ತಾರೆ.

ಬಂಡೆ ತುಂಬಾ ಮೇಲ್ಗೇರಿ ಹೆಸರು. ಅಲ್ಲೊಂದು ಇಲ್ಲೊಂದು ನಡುಗೇರಿದು. ಕೆಳಗೇರಿದು ಒಂದೂ ಇರಲಿಲ್ಲ. ಒಂದೂ ಅಂದ್ರೆ ಒಂದೂ ಇರಲಿಲ್ಲ.

"ಹೆಸರಿಲ್ಲದಿದ್ರೆ ಏನಂತೆ, ಉಣ್ಣೋಕೆ ಹೆಸರು ಬೇಕಾ?" ಅಂತ ನಡುಗೇರಿಯವರು ಕೇಳ್ತಾರೆ. ಅವರದ್ದು ಯಾವತ್ತೂ ಆ ಕಡೆಗೂ ಹಲ್ಲು, ಈ ಕಡೆಗೂ ಹಲ್ಲು. ಏನಂತೆ ಅನ್ನೋದನ್ನ ನಾನು ಹೇಳ್ತೀನಿ ಕೇಳಿ.

ನಾನು ಸೂಲಗಿತ್ತಿ. ಮೂರು ಕೇರಿಗೂ ನಾನೊಬ್ಬಳೇ. ಈ ಊರಲ್ಲಿ ಓಡಾಡೋ ಅರ್ಧ ತಲೆ ಮೊದಲು ಮುಟ್ಟಿದ್ದು ನನ್ನ ಕೈಯನ್ನ. ನನ್ನ ಮಗಳ ಹೆರಿಗೇನೂ ನಾನೇ ಮಾಡಿದೆ. ಕೂಸು ಚೆನ್ನಾಗಿತ್ತು, ಹೆಣ್ಣು. ಎರಡನೇ ದಿನ ಮಗಳಿಗೆ ಬಾಣಂತಿ ಜ್ವರ ಏರ್ತು. ನನಗೆ ಗೊತ್ತಿದ್ದ ಬೇರು, ಕಷಾಯ, ಕಾವು ಎಲ್ಲಾ ಮಾಡಿ ಸೋತೆ. ಸೆರಗು ಬಿಗಿದು ವೈದ್ಯನ ಬಾಗಿಲಿಗೆ ಓಡಿದೆ.

ವೈದ್ಯ ಮದ್ದು ಅರೆದು ಪೊಟ್ಟಣ ಕಟ್ಟಿ, ಹೆಸರು ಕೂಗಿ ಕೊಡ್ತಾನೆ. ಕೂಗದೆ ಕೊಟ್ಟ ಮದ್ದು ಮೈಗೆ ಹತ್ತಲ್ಲ ಅಂತ ಅವನ ಶಾಸ್ತ್ರ. ಒಳಗಿಂದಲೇ ಕೇಳಿದ, "ಯಾರ ಹೆಸರಿಗೆ ಕಟ್ಟಲಿ?"

"ನನ್ನ ಮಗಳಿಗೆ ಸ್ವಾಮಿ. ಬಾಣಂತಿ."

"ಮಗಳು ಅನ್ನೋದು ಹೆಸರಲ್ಲಮ್ಮ."

"ಬಂದು ನೋಡಿ ಸ್ವಾಮಿ, ಮೈ ಬೆಂಕಿ ಆಗಿದೆ."

"ನೋಡಬಹುದು. ಕೂಗೋದು ಹೇಗೆ?"

ಅವನು ಕೆಟ್ಟವನಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಅವನ ಧ್ವನಿಯಲ್ಲಿ ಮರುಕ ಇತ್ತು. ಮರುಕ ಇಟ್ಕೊಂಡೇ ಬಾಗಿಲು ಹಾಕಿದ. ಮೂರು ದಿನ ಆ ಬಾಗಿಲಲ್ಲಿ ಕೂತೆ. ನಾಲ್ಕನೇ ದಿನ ಕೂರೋ ಕೆಲಸ ಉಳೀಲಿಲ್ಲ.

ಮನೆಗೆ ಬಂದು ಕೂಸನ್ನ ಮಡಿಲಿಗೆ ಹಾಕ್ಕೊಂಡೆ. ಅದು ಬೆರಳು ಚೀಪ್ತಾ ಇತ್ತು. "ನಿನಗೂ ಹಿಂಗೇ ಆಗೋಕೆ ಬಿಡ್ತೀನಾ?" ಅಂದೆ. ಆ ವರ್ಷ ಕೆಳಗೇರಿಯಲ್ಲಿ ಹುಟ್ಟಿ ಉಳಿದ ಕೂಸು ಅದೊಂದೇ. ಕೂಸು ಹುಟ್ಟಿದ ಮನೆಯವರೇ ಮಣೆ ಹತ್ತಬೇಕು ಅನ್ನೋದು ನಮ್ಮ ಕೇರಿ ಕಟ್ಟು. ಅಳಿಯ ಹೆಂಡತಿ ಸತ್ತ ಮೇಲೆ ಮಾತೇ ಬಿಟ್ಟಿದ್ದ, ಗೋಡೆ ನೋಡ್ಕೊಂಡು ಕೂತಿದ್ದ. ಹಾಗಾಗಿ ಮಣೆ ನನ್ನದಾಯ್ತು.

ಆಟ ಕಷ್ಟದ್ದಲ್ಲ. ರಾಜ, ರಾಣಿ, ಗುಲಾಮ ಒಂದೊಂದಕ್ಕೂ ಹತ್ತು. ಎಲೆ ಎತ್ತುತ್ತಾ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ದಾಟಿದರೆ ಒಡೀತು. ಎದುರಿಗೆ ಹಂಚೋನು ಕೂತಿರ್ತಾನೆ. ಅವನಿಗಿಂತ ನಿನ್ನದು ಜಾಸ್ತಿ ಬಂದ್ರೆ ನೀನು ಒಡ್ಡಿದಷ್ಟೇ ಗುಲಗಂಜಿ ಅವನು ಎಣಿಸಿ ಕೊಡ್ತಾನೆ. ಕಮ್ಮಿ ಬಂದ್ರೆ ನಿನ್ನ ಪಣ ಎಳ್ಕೊಳ್ತಾನೆ. ಸಮ ಬಂದ್ರೆ ನಿನ್ನದು ನಿನಗೆ. ಹದಿನೇಳು ಮುಟ್ಟೋ ತನಕ ಅವನು ಎಲೆ ಎತ್ತಲೇಬೇಕು, ಮುಟ್ಟಿದ ಮೇಲೆ ಎತ್ತಬಾರದು. ಅವನಿಗೆ ಬೇಕು ಬೇಡ ಅನ್ನೋದೇ ಇಲ್ಲ.

ಆ ಹಂಚೋನನ್ನ ನಾವು ಎಷ್ಟು ಬೈದಿದ್ದೀವಿ ಅಂತೀರಿ! ಬಿಳೀ ಅಂಗಿ ಮುದುಕ, ಯಾವ ಕೇರಿಯವನೂ ಅಲ್ಲ. ಆಟದ ದಿನ ಕೆಳಗೇರಿ ಹೆಂಗಸರೆಲ್ಲಾ ಕಟ್ಟೆ ಕೆಳಗೆ ನಿಂತು ಅವನಿಗೆ ನೆಟಿಗೆ ಮುರೀತಿದ್ವಿ. "ನಿನ್ನ ಕೈ ಸೇದಿಹೋಗ. ನಿನ್ನ ಎಲೆಗೆ ಗೆದ್ದಲು ಹಿಡಿಯ." ಅವನ ತಲೆಗೆ ಕೆರ ತೂರಿದವರೂ ಇದ್ದಾರೆ. ಅವನು ಕೆರ ಎತ್ತಿ ಪಕ್ಕಕ್ಕಿಟ್ಟು, ಎಲೆ ಹಂಚ್ತಿದ್ದ.

ಇನ್ನು ಬಾಯಿಕಲ್ಲಿನ ವಿಷಯ. ಅದೊಂದು ಗುಂಡುಕಲ್ಲು. ಕಲ್ಲು ಯಾರ ಮುಂದಿದೆಯೋ ಅವರು ಮೊದಲು ಪಣ ಹೇಳಬೇಕು, ಮೊದಲು ಎಲೆ ಆಡಬೇಕು. ಆಮೇಲೆ ಪಕ್ಕದ ಮಣೆ, ಆಮೇಲೆ ಅದರ ಪಕ್ಕದ್ದು. ಸುತ್ತು ಮುಗಿದ ಕೂಡಲೇ ಕಲ್ಲು ಒಂದು ಮಣೆ ಸರಿಯುತ್ತೆ. ಮೊದಲ ಮಣೆ ನಡುಗೇರಿದು, ಎರಡನೇದು ಮೇಲ್ಗೇರಿದು, ಮೂರನೇದು ನಮ್ಮದು. ಅಜ್ಜನ ಕಾಲದಿಂದ ಹಾಗೇ. ಮೂರು ಮಣೆ, ಮೂವತ್ತು ಸುತ್ತು. ಬೆರಳು ಮಡಚಿ ನೋಡಿ. ಮೂವತ್ತನೇ ಸುತ್ತಿಗೆ ಕಲ್ಲು ಬಂದು ನಿಲ್ಲೋದು ಕೆಳಗೇರಿ ಮುಂದೆ. ಪ್ರತಿ ವರ್ಷ. ತಪ್ಪದೆ.

ಇದನ್ನ ನಾವು ಗೌರವ ಅಂದ್ಕೊಂಡಿದ್ವಿ. ಅಯ್ಯೋ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಕೊನೇ ಸುತ್ತಿನ ಮೊದಲ ಮಾತು ಕೆಳಗೇರಿದು ಅಂತ ತಮಟೆ ಬಡೀತಿದ್ವಿ. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ವಿ. ಮೇಲ್ಗೇರಿಯವರು ಹಾರ ಬೇರೆ ಕಳಿಸ್ತಿದ್ರು. "ನೀವು ಮೊದಲು ಹೇಳಿ, ನಿಮ್ಮ ಮುಂದೆ ನಾವೆಷ್ಟರವರು" ಅಂತ ಕೈ ಮುಗೀತಿದ್ರು. ನಮ್ಮವರು ಎದೆ ಉಬ್ಬಿಸಿಕೊಂಡು, ಬಿತ್ತನೆ ಕಾಳು ಅಂತ ಹತ್ತು ಗುಲಗಂಜಿ ಉಳಿಸಿಕೊಂಡು, ಮಿಕ್ಕಿದ್ದೆಲ್ಲಾ ಒಡ್ಡುತ್ತಿದ್ರು. ಅದಕ್ಕೆ ಮುಂಚಿನ ಇಪ್ಪತ್ತೊಂಬತ್ತನೇ ಸುತ್ತಿಗೆ ತಣ್ಣನೆ ಸುತ್ತು ಅಂತ ಹೆಸರು. ಕೈಯಲ್ಲಿನ ಅದೃಷ್ಟ ಕೊನೇ ಸುತ್ತಿಗೆ ಉಳೀಬೇಕು ಅಂತ ಅದರಲ್ಲಿ ಒಂದೇ ಒಂದು ಗುಲಗಂಜಿ ಇಡೋದು ನಮ್ಮ ಪದ್ಧತಿ.

ಸೋತರೆ ಇನ್ನೊಂದು ಪದ್ಧತಿ. ಕೊನೇ ಸುತ್ತಲ್ಲಿ ಹಂಚೋನ ಕೈ ಮೇಲಾದ ಕೂಡಲೇ ನಮ್ಮವನ ತಲೆ ಮೇಲೆ ಕಂಬಳಿ ಬೀಳುತ್ತೆ. ಸೋತ ಮುಖ ಮಣೆ ಮೇಲೆ ಇರಬಾರದು. ಅವನು ಎದ್ದು ಹೋಗ್ತಾನೆ, ಹಿಂದೆ ಇಡೀ ಕೇರಿ ಎದೆ ಬಡ್ಕೊಂಡು ಹೋಗುತ್ತೆ. ಸೋತರೂ ಮಾನವಾಗಿ ಸೋತ್ವಿ ಅನ್ನೋದು ನಮ್ಮ ಹೆಮ್ಮೆ. ನನ್ನ ಗಂಡನೂ ಹಾಗೇ ಎದ್ದು ಬಂದವನು, ಮಗಳು ಹುಟ್ಟಿದ ವರ್ಷ. ಆಮೇಲೆ ಹತ್ತು ವರ್ಷ ಬದುಕಿದ್ದ. "ಒಂದು ಹೆಸರು ತರೋಕೆ ಆಗದ ಗಂಡಸು" ಅಂತ ಗಂಜಿ ಬಡಿಸುವಾಗಲೆಲ್ಲಾ ಅಂದಿದ್ದೀನಿ. ತಲೆ ಬಗ್ಗಿಸಿ ಉಣ್ಣುತ್ತಿದ್ದ.

ಆಟಕ್ಕೆ ತಿಂಗಳಿರುವಾಗ ಮೇಲ್ಗೇರಿ ದೊಡ್ಡಮನೆಯಿಂದ ಹೆರಿಗೆಗೆ ಕರೆ ಬಂತು. ಹೋಗದೆ ಇರೋಕಾಗಲ್ಲ. ಹೊಟ್ಟೆಯಲ್ಲಿರೋ ಕೂಸಿಗೆ ಯಾವ ಕೇರಿ? ಸೊಸೆಗೆ ನೋವು ನಿಧಾನವಾಗಿ ಬರ್ತಿತ್ತು. ಆ ಮನೆಯ ಅಜ್ಜಿ ಪಕ್ಕದ ಪಡಸಾಲೆಯಲ್ಲಿ ಮೊಮ್ಮಕ್ಕಳನ್ನ ಕೂರಿಸಿಕೊಂಡು ಹುಣಸೆಬೀಜದಲ್ಲಿ ಆಡಿಸ್ತಿದ್ದಳು. ಎಲೆ ಇರಲಿಲ್ಲ. ಬರೀ ರಾಶಿ.

"ಕಣ್ಣು ಬಿಡು, ಮುಚ್ಚು. ಎಷ್ಟಿತ್ತು?"

"ನಲವತ್ಮೂರು ಅಜ್ಜಿ."

"ನಿನ್ನದು ಐವತ್ತು. ಆ ನಲವತ್ಮೂರರವಳು ಮೂವತ್ತು ಒಡ್ಡಿದಳು. ನೀನೆಷ್ಟು ಒಡ್ತೀಯಾ?"

"ಮೂವತ್ತು."

"ಯಾಕೆ?"

"ಇಬ್ಬರೂ ಗೆದ್ದರೂ, ಇಬ್ಬರೂ ಸೋತರೂ ನಾನು ಏಳು ಮುಂದೆ ಇರ್ತೀನಿ. ನಾನೊಬ್ಬಳೇ ಸೋತರೆ ಮಾತ್ರ ಕಷ್ಟ."

"ಜಾಣೆ! ಹಂಚೋನನ್ನ ಸೋಲಿಸಿ ಯಾರಿಗೇನಾಗಬೇಕು? ಪಕ್ಕದ ರಾಶಿ ನೋಡು. ಕೊನೆಗೆ ಮಾತಾಡೋನಿಗೆ ಎಲ್ಲಾ ಗೊತ್ತಿರುತ್ತೆ. ಅದಕ್ಕೇ ಎರಡನೇ ಮಣೆ ಬಿಡಬಾರದು."

ನಾನು ಅಲ್ಲೇ ಇದ್ದೆ. ನನ್ನ ಮುಂದೆ ದನಿ ತಗ್ಗಿಸೋದೂ ಬೇಡ ಅನ್ನಿಸಿತ್ತು ಅವರಿಗೆ. ಹೆಸರಿಲ್ಲದವಳ ಕಿವಿ ಕಿವಿಯೇ ಅಲ್ಲ.

ಕೂಸು ಹೊರಗೆ ಬಂತು, ಹೊಕ್ಕುಳಬಳ್ಳಿ ಕತ್ತರಿಸಿದೆ, ಕೈ ತೊಳೆದೆ. ದಾರಿಯುದ್ದಕ್ಕೂ ಮೈ ಉರೀತಿತ್ತು. ನೂರು ವರ್ಷ ಹಂಚೋನನ್ನ ಶಪಿಸಿದ್ವಿ. ನೂರು ವರ್ಷ ಆರತಿ ಎತ್ತಿ, ತಮಟೆ ಬಡಿದು, ನಮ್ಮ ಪಣ ಎಷ್ಟು ಅಂತ ಅವರ ಕಿವಿಗೆ ಮೊದಲು ಹೇಳಿದ್ವಿ. ಅವರು ಕೈ ಮುಗಿದು, ಅಷ್ಟೇ ಎಣಿಸಿ, ಅಷ್ಟೇ ಒಡ್ಡಿ, ಮನೆಗೆ ಹೋಗಿ ತೊಟ್ಟಿಲು ತೂಗಿದರು.

ಮನೆಗೆ ಬಂದು ನೆಲದ ಮೇಲೆ ಮೂರು ಗೆರೆ ಎಳೆದು, ಬೆಣಚುಕಲ್ಲು ಇಟ್ಟು, ಸರಿಸ್ತಾ ಹೋದೆ. ಮೂವತ್ತನೇ ಸುತ್ತಲ್ಲಿ ನಾನು ಮೊದಲು, ಮೇಲ್ಗೇರಿಯವನು ಕೊನೆಗೆ. ಅದು ಅವನ ಸುತ್ತು. ಇಪ್ಪತ್ತೊಂಬತ್ತನೇದರಲ್ಲಿ? ಕಲ್ಲು ಮೇಲ್ಗೇರಿ ಮುಂದಿರುತ್ತೆ! ಅವನು ಮೊದಲು ಬಾಯಿ ಬಿಡಬೇಕು, ನಾನು ಆಮೇಲೆ. ಇಡೀ ಆಟದ ಕೊನೆಯಲ್ಲಿ ನಮಗೆ ಉಳಿದಿರೋ ಒಂದೇ ಒಳ್ಳೇ ಸುತ್ತು ಅದು. ಅದರಲ್ಲಿ ನಾವು ಒಂದು ಗುಲಗಂಜಿ ಇಟ್ಟು ಕೈ ತಣ್ಣಗೆ ಮಾಡ್ಕೊಳ್ತಿದ್ವಿ. ಥೂ!

ನಮ್ಮ ಕೇರಿ ಹಿರಿಯನ ಹತ್ತಿರ ಹೋದೆ. ಕಂಬಳಿ ಅವನ ಮನೆಯಲ್ಲೇ ಇರೋದು. ಹೆಗಲ ಮೇಲೆ ಹಾಕ್ಕೊಂಡು ಜಗಲಿಯಲ್ಲಿ ಕೂತಿದ್ದ. ಎಲ್ಲಾ ಹೇಳಿದೆ. ಕೇಳಿ ನಕ್ಕ.

"ಕೂಸು ಹಿಡಿಯೋ ಕೈಗೆ ಎಲೆ ಸೂಕ್ಷ್ಮ ತಿಳಿಯಲ್ಲವ್ವ. ತಣ್ಣನೆ ಸುತ್ತಲ್ಲಿ ಕೈ ಬಿಸಿ ಮಾಡ್ಕೊಂಡ್ರೆ ಕಟ್ಟು ಮುರಿದಂಗೆ."

"ಕಟ್ಟು ಉಳಿಸ್ಕೊಂಡು ಏನು ಕಟ್ಕೊಂಡಿದ್ದೀಯಣ್ಣ? ಬಂಡೆ ಮೇಲೆ ನಮ್ಮದೊಂದು ಗೀರಿದೆಯಾ?"

"ಮಾನ ಇದೆ. ಕೊನೇ ಸುತ್ತಿನ ಮೊದಲ ಮಾತು ನಮ್ಮದು. ಅದನ್ನ ಯಾರೂ ಕಿತ್ಕೊಂಡಿಲ್ಲ."

"ಯಾಕೆ ಕಿತ್ಕೊಳ್ತಾರೆ? ಎಂಜಲು ಕೊಟ್ಟೋರು ವಾಪಸ್ ಕೇಳ್ತಾರಾ?"

ಅವನ ಮುಖ ಕಪ್ಪಾಯ್ತು. "ಮಗಳು ಸತ್ತಿದ್ದಾಳೆ, ತಲೆ ಕೆಟ್ಟಿದೆ, ಹೋಗು" ಅಂದ. ಅಲ್ಲಿದ್ದವರೂ ಹಾಗೇ ಅಂದರು. ಸತ್ಯ ಹೇಳಿದರೆ ತಲೆ ಕೆಟ್ಟಿದೆ ಅನ್ನೋದು ಎಲ್ಲಾ ಕೇರಿಯಲ್ಲೂ ಒಂದೇ.

ಆಟದ ದಿನ ಬಿಸಿಲು ಏರೋ ಹೊತ್ತಿಗೆ ಕಟ್ಟೆ ಹತ್ತಿದೆ. ಕೂಸನ್ನ ಅಳಿಯನ ಕೈಗೆ ಕೊಟ್ಟು ಮುಂದೆ ಕೂರಿಸಿದ್ದೆ. ಎರಡನೇ ಮಣೆಯಲ್ಲಿ ಮೇಲ್ಗೇರಿ ಆಟಗಾರ. ಅವನಿಗೆ ಹೆಸರಿದೆ, ನಾನು ಹೇಳಲ್ಲ. ನಮ್ಮನ್ನ ಅವರು ಕೂಗದ ಮೇಲೆ ಅವರ ಹೆಸರನ್ನ ನಾನ್ಯಾಕೆ ಹೊರಲಿ? ಅವನು ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದ. ತಿರುಗಿಸಿ ಎಳೆದವಳು ನಾನು.

ಮೂವರ ಮುಂದೂ ನೂರು ನೂರು ಗುಲಗಂಜಿ. ಕಲ್ಲು ಸರೀತು, ಎಲೆ ಬಿತ್ತು, ಗುಲಗಂಜಿ ಹೋಯ್ತು, ಗುಲಗಂಜಿ ಬಂತು. ಕಲ್ಲು ಸರೀತು, ಎಲೆ ಬಿತ್ತು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳೀತು. ನಾನು ಸಣ್ಣ ಸಣ್ಣದಾಗಿ ಒಡ್ಡುತ್ತಾ ಕೂತೆ. ಕೆಳಗಿಂದ ನಮ್ಮ ಹೆಂಗಸರು ಹಂಚೋನಿಗೆ ಶಾಪ ಹಾಕ್ತಾನೇ ಇದ್ದರು. ನಾನು ಹಂಚೋನ ಮುಖ ನೋಡಲಿಲ್ಲ. ಪಕ್ಕದ ರಾಶಿ ನೋಡ್ತಿದ್ದೆ. ಇಪ್ಪತ್ತನಾಲ್ಕನೇ ಸುತ್ತಲ್ಲಿ ನಡುಗೇರಿಯವನ ರಾಶಿ ಬರಿದಾಯ್ತು. ಅವನು ಹಲ್ಲು ಕಿರಿದು ಇಬ್ಬರಿಗೂ ಕೈ ಮುಗಿದು ಇಳಿದ.

ಇಪ್ಪತ್ತೆಂಟು ಸುತ್ತು ಮುಗಿದಾಗ ಮೇಲ್ಗೇರಿಯವನ ಮುಂದೆ ನೂರ ಎಂಬತ್ತು, ನನ್ನ ಮುಂದೆ ನೂರ ನಲವತ್ತು.

ಕಲ್ಲು ಅವನ ಮುಂದೆ ಹೋಗಿ ನಿಂತಿತು. ತಣ್ಣನೆ ಸುತ್ತು. ಕೆಳಗೇರಿದು ಒಂದೇ ಅಂತ ಅವನಿಗೆ ಗೊತ್ತು. ಆಕಳಿಸಿದ. "ಹತ್ತು" ಅಂದ.

"ನೂರ ಮೂವತ್ತು" ಅಂದೆ.

ಅವನ ಆಕಳಿಕೆ ಅರ್ಧಕ್ಕೇ ನಿಂತಿತು. ಬಾಯಿಂದ ಹೊರಟ ಪಣ ವಾಪಸ್ ತಗೊಳ್ಳೋ ಹಾಗಿಲ್ಲ. ನಮ್ಮ ಹಿರಿಯ ಕೂಗಿದ, "ಏ ಸೂಲಗಿತ್ತಿ! ಕೇರಿ ಮಾನ ತೆಗೀಬೇಡ! ಒಂದು ಅನ್ನು, ಒಂದು!"

"ಹಂಚಪ್ಪ" ಅಂದೆ ಹಂಚೋನಿಗೆ.

ಎಲೆ ಬಿತ್ತು. ಮೇಲ್ಗೇರಿಯವನದ್ದು ಹದಿನೇಳು, ಸಾಕು ಅಂದ. ನನಗೆ ಒಂದು ರಾಣಿ, ಒಂದು ಗುಲಾಮ. ಇಪ್ಪತ್ತು. ಹಂಚೋನದ್ದು ಹತ್ತೊಂಬತ್ತು. ಮೇಲ್ಗೇರಿಯವನ ಹತ್ತು ಎಳ್ಕೊಂಡ, ನನಗೆ ನೂರ ಮೂವತ್ತು ಎಣಿಸಿ ಕೊಟ್ಟ. ಈಗ ನನ್ನ ಮುಂದೆ ಇನ್ನೂರ ಎಪ್ಪತ್ತು, ಅವನ ಮುಂದೆ ನೂರ ಎಪ್ಪತ್ತು.

ಅಷ್ಟು ಆದಮೇಲೂ ನಮ್ಮ ಕೇರಿಯಲ್ಲಿ ಒಬ್ಬರೂ ಶಿಳ್ಳೆ ಹಾಕಲಿಲ್ಲ. "ಅದೃಷ್ಟ ಎಲ್ಲಾ ತಣ್ಣನೆ ಸುತ್ತಲ್ಲೇ ಸುರಿದುಬಿಟ್ಟಳು, ಇನ್ನು ಕೊನೇ ಸುತ್ತಿಗೆ ಏನಿದೆ" ಅಂತ ತಲೆ ತಲೆ ಚಚ್ಚಿಕೊಂಡರು.

ಕಲ್ಲು ನನ್ನ ಮುಂದೆ ಬಂತು. ತಮಟೆ ಶುರುವಾಯ್ತು. ಆರತಿ ಬಂತು. ಮೇಲ್ಗೇರಿ ಹಾರ ಬಂತು. ಮೇಲ್ಗೇರಿಯವನು ಕೈ ಮುಗಿದ. "ನೀವು ಮೊದಲು ಹೇಳಿ, ನಿಮ್ಮ ಮುಂದೆ ನಾವೆಷ್ಟರವರು."

ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ಅವನು ಇದ್ದದ್ದೆಲ್ಲಾ ಸುರಿದು ಗೆದ್ದರೆ ಮುನ್ನೂರ ನಲವತ್ತು. ನಾನೂ ಗೆದ್ದು ಅದಕ್ಕಿಂತ ಒಂದೇ ಒಂದು ಜಾಸ್ತಿ ಇರಬೇಕು. ಇನ್ನೂರ ಎಪ್ಪತ್ತಕ್ಕೆ ಎಷ್ಟು ಸೇರಿದರೆ ಮುನ್ನೂರ ನಲವತ್ತೊಂದು? ಇಬ್ಬರೂ ಬಿದ್ದರೂ ನನ್ನದೇ ಮೇಲೆ. ನಾನು ಬಿದ್ದು ಅವನೊಬ್ಬ ಎದ್ದರೆ ಮಾತ್ರ ಕಷ್ಟ.

"ಎಪ್ಪತ್ತೊಂದು" ಅಂದೆ.

ತಮಟೆ ನಿಂತುಹೋಯ್ತು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ಗೌರವದ ಸುತ್ತಲ್ಲಿ ಎಪ್ಪತ್ತೊಂದಾ? ಇದೆಂಥಾ ಮುರುಕಲು ಲೆಕ್ಕ? "ಹೆದರಿದಳು, ಹೆಂಗಸು" ಅಂತ ಯಾರೋ ಅಂದರು. ನಾನು ಮೇಲ್ಗೇರಿ ಕಡೆ ನೋಡಿದೆ. ಆ ಅಜ್ಜಿ ಮುಂದೆ ಕೂತಿದ್ದಳು. ಎಪ್ಪತ್ತೊಂದು ಕಿವಿಗೆ ಬಿದ್ದ ಕೂಡಲೇ ಅವಳ ಕೈ ಬಾಯಿಗೆ ಹೋಯ್ತು. ಇಡೀ ಬಯಲಲ್ಲಿ ನನ್ನ ಮಾತು ಅರ್ಥ ಆಗಿದ್ದು ನನ್ನ ವೈರಿಗಳಿಗೆ ಮಾತ್ರ.

ಮೇಲ್ಗೇರಿಯವನು ನನ್ನ ರಾಶಿ ನೋಡಿದ, ತನ್ನ ರಾಶಿ ನೋಡಿದ. ಆಮೇಲೆ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ. "ನೂರ ಎಪ್ಪತ್ತು. ಪೂರ್ತಿ."

ಎಲೆ ಬಿತ್ತು. ಹಂಚೋನ ಮುಂದೆ ಮೇಲ್ಮುಖವಾಗಿ ಒಂದು ರಾಜ, ಹತ್ತು. ಪಕ್ಕದ ಎಲೆ ಬೋರಲು. ನನಗೆ ಹದಿನೆಂಟು. ಸಾಕು ಅಂದೆ. ಮೇಲ್ಗೇರಿಯವನಿಗೆ ಹನ್ನೆರಡು. ನನ್ನ ಹದಿನೆಂಟು ನೋಡಿದ, ಎಲೆ ಎತ್ತಿದ, ಏಳು ಬಂತು. ಹತ್ತೊಂಬತ್ತು. ಮೇಲ್ಗೇರಿಯಲ್ಲಿ ಒಂದು ನಿಟ್ಟುಸಿರು.

ಹಂಚೋನದ್ದು ಹದಿನೇಳಾದರೆ ಇಬ್ಬರೂ ಗೆದ್ದು ನನ್ನದು ಒಂದು ಜಾಸ್ತಿ. ಒಡೆದರೂ ಹಾಗೇ. ಹತ್ತೊಂಬತ್ತಾದರೆ ನಾನು ಸೋಲ್ತೀನಿ, ಮೇಲ್ಗೇರಿಯವನ ಪಣ ಅವನಿಗೆ ವಾಪಸ್, ಆದರೂ ನನ್ನ ರಾಶಿ ದೊಡ್ಡದು. ಇಪ್ಪತ್ತು, ಇಪ್ಪತ್ತೊಂದು ಆದರೆ ಇಬ್ಬರೂ ಹೋದ್ವಿ, ಅವನ ಮುಂದೆ ಏನೂ ಉಳಿಯಲ್ಲ. ಹದಿನೆಂಟು ಬಂದರೆ ಮಾತ್ರ ನಾನು ಸತ್ತೆ. ನನ್ನ ಪಣ ನನಗೆ ಬಂದು ನಾನು ಇದ್ದಲ್ಲೇ ಇರ್ತೀನಿ, ಅವನು ಮುನ್ನೂರ ನಲವತ್ತಕ್ಕೆ ಏರ್ತಾನೆ. ಆ ಒಂದು ಸಂಖ್ಯೆಗೆ ನನ್ನ ಕೂಸಿನ ಜೀವ ನೇತಾಡ್ತಿತ್ತು. ಕೆಳಗಿಂದ ನಮ್ಮ ಹೆಂಗಸರು "ಒಡೆದುಹೋಗ, ಒಡೆದುಹೋಗ" ಅಂತ ಹಂಚೋನನ್ನ ಶಪಿಸ್ತಿದ್ದರು. ಶಾಪ ಹಾಕೋದೂ ಯಾವ ಎಲೆಗೆ ಅಂತ ಗೊತ್ತಿರಲಿಲ್ಲ ಪಾಪ.

ಹಂಚೋನು ಬೋರಲೆಲೆ ತಿರುಗಿಸಿದ. ನಾಲ್ಕು. ಹದಿನಾಲ್ಕಾಯ್ತು. ಇನ್ನೊಂದು ಎತ್ತಬೇಕು. ಮತ್ತೆ ನಾಲ್ಕು ಬಂದರೆ ನನ್ನ ಕಥೆ ಮುಗೀತು. ಎತ್ತಿದ, ತಿರುಗಿಸಿದ. ಆರು.

ಇಪ್ಪತ್ತು. ಇಬ್ಬರ ಪಣವೂ ಎಳ್ಕೊಂಡ.

ಗೆದ್ದೆ! ನನ್ನ ಮುಂದೆ ನೂರ ತೊಂಬತ್ತೊಂಬತ್ತು. ಅವನ ಮುಂದೆ ಬರೀ ನೆಲ. ನಾನು ಕೈ ಎತ್ತಿ ಕೂಸಿನ ಕಡೆ ತಿರುಗಿದೆ. ಅಷ್ಟರಲ್ಲಿ ಕತ್ತಲೆ ಆಯ್ತು. ತಲೆ ಮೇಲೆ ಕಂಬಳಿ ಬಿದ್ದಿತ್ತು.

"ಸೋತ್ವಲ್ಲೋ!" ಅಂತ ನನ್ನ ಕೇರಿ ಗೋಳಿಟ್ಟಿತು. ಎದೆ ಬಡ್ಕೊಳ್ಳೋ ಸದ್ದು. "ಹಾಳಾದ ಹಂಚೋನು ಈ ಸಲವೂ ಹೊಡೆದ!" ಹಿರಿಯನ ಕೈ ನನ್ನ ತೋಳು ಹಿಡಿದು ಎಳೀತಿತ್ತು. "ಏಳವ್ವ. ಹಂಚೋನ ಕೈ ಮೇಲಾಯ್ತು. ಇದ್ದ ಮಾನಾನಾದ್ರೂ ಉಳಿಸು, ಏಳು."

"ಬಿಡು ನನ್ನ! ರಾಶಿ ನೋಡು! ರಾಶಿ ನೋಡ್ರೋ!"

ಯಾರು ಕೇಳ್ತಾರೆ? ಕಂಬಳಿ ಸಂದಿಯಿಂದ ಮೇಲ್ಗೇರಿಯವನು ಕಂಡ. ಮುಂದೆ ಒಂದು ಗುಲಗಂಜಿ ಇಲ್ಲ, ಆದರೂ ಏಳಲಿಲ್ಲ. ಮಂಡಿ ಮೇಲೆ ಕೈ ಇಟ್ಟು, ತಲೆ ತಗ್ಗಿಸಿ, ಸುಮ್ಮನೆ ಕೂತಿದ್ದ. ಅವನ ಹಿಂದೆ ಇಡೀ ಮೇಲ್ಗೇರಿ ಸುಮ್ಮನೆ ಕೂತಿತ್ತು. ಅಜ್ಜಿ ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟಿದ್ದಳು. ಕಾಯ್ತಿದ್ದರು. ನಾನು ಏಳಲಿ ಅಂತ ಕಾಯ್ತಿದ್ದರು! ಎದ್ದವರ ರಾಶಿ ಎಣಿಕೆಗೆ ಬರಲ್ಲ ಅಂತ ಅವರಿಗೆ ಗೊತ್ತಿತ್ತು.

ನಾನು ಹಿರಿಯನ ಕೈ ಕಚ್ಚಿದೆ. ರಕ್ತ ಬರೋ ಹಾಗೆ ಕಚ್ಚಿದೆ. ಕಂಬಳಿ ಕಿತ್ತು ಕಟ್ಟೆ ಕೆಳಗೆ ಬಿಸಾಕಿ, ಎರಡೂ ಕೈಯಿಂದ ಮಣೆ ಅವುಚಿಕೊಂಡೆ.

"ಹಂಚೋನೇ, ಎಣಿಸು!"

ಅವನು ತಲೆ ಎತ್ತಿದ. ಬೈಗುಳ ಬಿಟ್ಟು ಬೇರೆ ಮಾತು ಕೆಳಗೇರಿಯಿಂದ ಅವನು ಕೇಳಿದ್ದೇ ಮೊದಲು ಅಂತ ಕಾಣುತ್ತೆ. ಮುಂದಕ್ಕೆ ಬಗ್ಗಿ ಒಂದೊಂದಾಗಿ ಎಣಿಸಿದ. ಒಂದೊಂದು ಕಾಳಿಗೂ ಗೋಳು ಸ್ವಲ್ಪ ಸ್ವಲ್ಪ ಕಮ್ಮಿ ಆಯ್ತು. ನೂರು ದಾಟುವಾಗ ಬಯಲು ಪೂರ್ತಿ ಸುಮ್ಮನಾಯ್ತು. "ಮೂರನೇ ಮಣೆ ನೂರ ತೊಂಬತ್ತೊಂಬತ್ತು" ಅಂದ. ಎರಡನೇ ಮಣೆ ಮುಂದಿನ ನೆಲವನ್ನ ಅಂಗೈಯಲ್ಲಿ ಸವರಿದ. "ಎರಡನೇ ಮಣೆ ಏನಿಲ್ಲ. ಹೆಸರು ಕೆಳಗೇರಿದು."

ಯಾರೂ ಕುಣೀಲಿಲ್ಲ. ನಮ್ಮ ಜನಕ್ಕೆ ಗೆದ್ದಾಗ ಏನ್ ಮಾಡಬೇಕು ಅನ್ನೋದೇ ಗೊತ್ತಿರಲಿಲ್ಲ. ನಮ್ಮ ಹಿರಿಯ ಕೈಯಿಂದ ರಕ್ತ ಸುರಿಸಿಕೊಂಡು, ಬಾಯಿ ಬಿಟ್ಕೊಂಡು ನಿಂತಿದ್ದ.

ಆಮೇಲೆ ಹಂಚೋನು ಎಲೆ ಜೋಡಿಸುತ್ತಾ, ನನಗೆ ಮಾತ್ರ ಕೇಳೋ ಹಾಗೆ ಅಂದ, "ಇದು ಮೂರನೇ ಸಲ ತಾಯಿ."

"ಏನು ಮೂರನೇ ಸಲ?"

"ನಿಮ್ಮ ರಾಶಿ ದೊಡ್ಡದಾಗಿದ್ದು. ಒಂದು ನಿನ್ನ ಅಜ್ಜನ ಕಾಲದಲ್ಲಂತೆ, ನನ್ನ ಅಪ್ಪ ಹಂಚುವಾಗ. ಇನ್ನೊಂದು ಇಪ್ಪತ್ತೆರಡು ವರ್ಷದ ಹಿಂದೆ, ನನ್ನ ಕೈಯಲ್ಲೇ. ಆ ವರ್ಷ ಎರಡನೇ ಮಣೆಯಲ್ಲಿ ಸೊಕ್ಕಿನವನೊಬ್ಬ ಕೂತಿದ್ದ. ನಿಮ್ಮವನಿಗೆ ಹೆದರಿಕೆ ಹುಟ್ಟಿಸ್ತೀನಿ ಅಂತ ಇದ್ದದ್ದೆಲ್ಲಾ ಸುರಿದ. ನಡುಗೇರಿದು ಮೊದಲೇ ಬರಿದಾಗಿತ್ತು. ನನಗೆ ಇಪ್ಪತ್ತೊಂದು ಬಂತು, ಎಲ್ಲರದ್ದೂ ಎಳ್ಕೊಂಡೆ. ನಿಮ್ಮವನ ಮುಂದೆ ಹತ್ತು ಬಿತ್ತನೆ ಕಾಳು ಉಳಿದಿತ್ತು. ಬೇರೆ ಯಾರ ಮುಂದೂ ಏನೂ ಇರಲಿಲ್ಲ. ಅವನ ತಲೆ ಮೇಲೆ ಕಂಬಳಿ ಬಿತ್ತು. ಎದ್ದು ಹೋದ. ಯಾರ ಮುಂದೂ ರಾಶಿ ಇಲ್ಲದಿದ್ದರೆ ಹೆಸರು ಎರಡನೇ ಮಣೆಗೆ."

ಇಪ್ಪತ್ತೆರಡು ವರ್ಷ. ನನ್ನ ಮಗಳ ವಯಸ್ಸು. ಕಂಬಳಿ ಹೊದ್ದು ಎದ್ದವನು ನನ್ನ ಗಂಡ.

ನನಗೆ ಅಳು ಬರಲಿಲ್ಲ. ಹಂಚೋನ ಅಂಗಿ ಹಿಡ್ಕೊಂಡೆ. "ಗೊತ್ತಿದ್ದೂ ಬಾಯಿಗೆ ಏನು ತುರುಕ್ಕೊಂಡಿದ್ದೆ ಮುದುಕಾ? ನಿಲ್ಲು ಅನ್ನೋಕೆ ಆಗಲಿಲ್ವಾ?"

"ಮಣೆ ಮೇಲೆ ಕೂತವರ ರಾಶಿ ಮಾತ್ರ ನಾನು ಎಣಿಸಬೇಕು. ಎದ್ದು ಹೋಗೋರನ್ನ ಕರೀಬೇಕು ಅಂದ್ಕೊಂಡೆ" ಅಂದ. ಅವನ ಕಣ್ಣಲ್ಲಿ ನೀರಿತ್ತು. "ಏನಂತ ಕರೀಲಿ ತಾಯಿ? ಹೆಸರು ಇರಲಿಲ್ಲವಲ್ಲ."

ಕೈ ಬಿಟ್ಟೆ. ನನ್ನ ಮಗಳು ಹುಟ್ಟಿದ ವರ್ಷವೇ ಹೆಸರು ಗೆದ್ದಿದ್ದಳು. ಅವಳ ಅಪ್ಪ ಗೆದ್ದು ತಂದಿದ್ದ. ಅದನ್ನ ಈ ಕಟ್ಟೆ ಮೇಲೆ ಬಿಟ್ಟು, ಹತ್ತು ವರ್ಷ ನನ್ನ ಬೈಗುಳ ಉಂಡು ಸತ್ತ. ಅವಳು ಜ್ವರದಲ್ಲಿ ಬೇಯುವಾಗ ನಾನು ಇನ್ನೊಬ್ಬನ ಬಾಗಿಲಲ್ಲಿ ಕೂತು, ಇಲ್ಲದ ಹೆಸರಿಗೆ ಮದ್ದು ಬೇಡ್ತಿದ್ದೆ. ಇವರು, ಈ ಮೇಲ್ಗೇರಿಯವರು, ಗೊತ್ತಿದ್ದೂ ಇಪ್ಪತ್ತೆರಡು ವರ್ಷ ನನ್ನನ್ನ ಹೆರಿಗೆಗೆ ಕರೆದು, ಅಕ್ಕಿ ಬೆಲ್ಲ ಕೊಟ್ಟು, ಬಾಗಿಲ ತನಕ ಬಂದು ಕಳಿಸಿದರು.

ಕಲ್ಲುಕುಟಿಗ ಉಳಿ ಹಿಡ್ಕೊಂಡು ಬಂದ. "ಕೂಸಿನ ಹೆಸರೇನು?"

"ದ್ಯಾವೀರಿ" ಅಂದೆ. "ಜೋರಾಗಿ ಮೂರು ಸಲ ಕೂಗಿ ಕೆತ್ತು. ವೈದ್ಯನ ಮನೆ ತನಕ ಕೇಳಬೇಕು."

ಕೂಗಿದ. ಕೆತ್ತಿದ. ಮಾತು ಬಿಟ್ಟಿದ್ದ ಅಳಿಯ ಕೂಸನ್ನ ಎತ್ತಿ ಹಿಡಿದು, "ದ್ಯಾವೀರೀ" ಅಂತ ಒಂದೇ ಸಲ ಅಂದು, ಬಿಕ್ಕಿದ. ಕಲ್ಲುಕುಟಿಗ ಉಳಿ ಒರೆಸಿ ಹೊರಟ.

"ನಿಲ್ಲು" ಅಂದೆ. "ಇನ್ನೊಂದಿದೆ. ಇಪ್ಪತ್ತೆರಡು ವರ್ಷದ ಹಿಂದಿಂದು."

ಮೇಲ್ಗೇರಿಯವನು ಆಗ ಬಾಯಿ ಬಿಟ್ಟ. ಮೆತ್ತಗೆ, ಮರ್ಯಾದೆಯಾಗಿ. "ಅಮ್ಮಾ, ಆವತ್ತು ನಿಮ್ಮ ಯಜಮಾನರು ತಾವೇ ಎದ್ದು ಹೋದರು. ಎದ್ದವರದ್ದು ಮುಗೀತು. ನಾವೇನು ಕಿತ್ಕೊಂಡ್ವಾ? ಸತ್ತವರಿಗೆ ಹೆಸರು ಯಾತಕ್ಕೆ ಹೇಳಿ? ಗೆದ್ದಿದ್ದೀರಿ, ಸಂತೋಷ. ಏಳಿ, ಮನೆಗೆ ಹೋಗಿ."

"ಎದ್ದವರದ್ದು ಮುಗೀತು. ನಿಮ್ಮದೇ ಮಾತು ಅಲ್ವಾ?" ಅಂದೆ. "ಸರಿ. ನಾನು ಏಳಲ್ಲ."

ಅಂದಿನಿಂದ ಈ ಮಣೆ ಮೇಲೇ ಇದ್ದೀನಿ. ಮೊದಲ ವಾರ ನಮ್ಮ ಕೇರಿ ಹೆಂಗಸರು ದೂರ ನಿಂತು ನೋಡಿದರು. ಈಗ ಸರದಿ ಮೇಲೆ ಗಂಜಿ ತರ್ತಾರೆ, ನನ್ನ ಪಕ್ಕ ನೆಲದ ಮೇಲೆ ಕೂತು, ಹುಣಸೆಬೀಜ ಹರಡಿ, ಮಕ್ಕಳಿಗೆ ರಾಶಿ ಎಣಿಸೋದು ಕಲಿಸ್ತಾರೆ. ಹಂಚೋನೂ ಒಮ್ಮೊಮ್ಮೆ ಬಂದು ಕೂರ್ತಾನೆ. ಅವನಿಗೆ ಈಗ ಯಾರೂ ಬೈಯಲ್ಲ. ಹೆರಿಗೆ ನೋವು ಬಂದವರನ್ನ ಇಲ್ಲಿಗೇ ಎತ್ಕೊಂಡು ಬರ್ತಾರೆ. ಮೇಲ್ಗೇರಿಯವರೂ ಬರ್ತಾರೆ, ಬರದೆ ಎಲ್ಲಿ ಹೋಗ್ತಾರೆ? ಸೀರೆ ಮರೆ ಕಟ್ಟಿ, ಈ ಮಣೆ ಮೇಲೆ ಕೂತೇ ಕೂಸು ಹಿಡೀತೀನಿ. ಯಾರಿಗೂ ಇಲ್ಲ ಅಂದಿಲ್ಲ. ಕೂಸನ್ನ ತಾಯಿ ಕೈಗೆ ಕೊಡುವಾಗ ಒಂದೇ ಮಾತು ಕೇಳ್ತೀನಿ, "ನನ್ನ ಮಗಳ ಹೆಸರು ಯಾವಾಗ ಕೆತ್ತುತ್ತೀರಿ?" ತಲೆ ತಗ್ಗಿಸಿ ಹೋಗ್ತಾರೆ.

ಅವಳ ಹೆಸರು ನನ್ನ ಬಾಯಲ್ಲೇ ಇದೆ. ಯಾರಿಗೂ ಹೇಳಿಲ್ಲ. ಕಲ್ಲುಕುಟಿಗ ಉಳಿ ಎತ್ತಿದ ದಿನ ಹೇಳ್ತೀನಿ.

ಬರೋ ತಿಂಗಳು ಮತ್ತೆ ಆಟವಂತೆ. ಮಣೆ ಖಾಲಿ ಮಾಡು ಅಂತ ಹೇಳಿ ಕಳಿಸಿದ್ದಾರೆ. ಬಂದು ಎಬ್ಬಿಸಲಿ ನೋಡೋಣ.